ಅಪ್ಪಯ್ಯನ ಕಾಂಟ್ರಾಕ್ಟ್ ಪಾಠ

ಗ್ರಾಂಟ್ ರೋಡಿನಲ್ಲಿ ಇನ್ನೂ ಟ್ರಾಮು ಓಡುತ್ತಿದ್ದ ಕಾಲ ಅದು. ಸ್ಟೇಷನ್ನಿನಿಂದ ಹೊರಬಿದ್ದವರ ಮೂಗಿಗೆ ಮೊದಲು ಬಡಿಯುತ್ತಿದ್ದುದು ನಮ್ಮೂರಿನವರ ಹೋಟೆಲುಗಳ ಸಾಂಬಾರಿನ ವಾಸನೆ. ಅಂಥದೊಂದು ಹೋಟೆಲಿನ ಗಲ್ಲಾದಲ್ಲಿ ನನ್ನ ಅಪ್ಪಯ್ಯ ಕೂರುತ್ತಿದ್ದರು. ಜನ ಅವರನ್ನೇ ಮಾಲೀಕರೆಂದು ತಿಳಿದಿದ್ದರು. ಆದರೆ ಜಾಗ, ಲೈಸೆನ್ಸು, ಬಾಗಿಲ ಮೇಲಿನ ಬೋರ್ಡು ಎಲ್ಲವೂ ಒಬ್ಬ ಗುಜರಾತಿ ಶೇಟ್‌ನದು. ಅಪ್ಪಯ್ಯನದು ಬರೀ ಕಂಡಕ್ಟಿಂಗ್. ಹನ್ನೊಂದು ತಿಂಗಳ ಕರಾರಿನ ಮೇಲೆ ಹೋಟೆಲು ನಡೆಸುವುದು, ಮುಗಿದ ಮೇಲೆ ಶೇಟ್ ಒಪ್ಪಿದರೆ ಮತ್ತೆ ಹನ್ನೊಂದು ತಿಂಗಳು. ಕರಾರು ಮುಗಿಯುವ ದಿನ ಹತ್ತಿರ ಬಂದರೆ ಅಪ್ಪಯ್ಯನಿಗೆ ಊಟ ಸೇರುತ್ತಿರಲಿಲ್ಲ.

ಹೋಟೆಲಿನವರ ಮನೆಯ ಹೆಣ್ಣುಮಕ್ಕಳು ಹೋಟೆಲಿನ ಹಾಲ್‌ಗೆ ಕಾಲಿಡಬಾರದೆಂಬುದು ನಮ್ಮವರ ಕಟ್ಟುಪಾಡು. ಅಡುಗೆಮನೆಯ ಬಾಗಿಲೇ ನಮ್ಮ ಗಡಿ. ಹೋಟೆಲಿನ ಹಿಂದಿನ ಚಾಳ್‌ನ ಕೋಣೆಯಲ್ಲಿದ್ದ ನಮಗೆ ಬರುತ್ತಿದ್ದುದು ಸಂಜೆ ಉಳಿದ ಗಟ್ಟಿ ಇಡ್ಲಿ. ಅಮೃತಶಿಲೆಯ ಟೇಬಲ್ಲಿನ ಮುಂದೆ ಕೂತು ಬಿಸಿ ಮಸಾಲೆ ದೋಸೆ ತಿನ್ನುವುದು ಹೇಗಿರುತ್ತದೆಂದು ನನಗೆ ಒಂಬತ್ತು ವರ್ಷವಾದರೂ ಗೊತ್ತಿರಲಿಲ್ಲ.

ಅದು ಗೊತ್ತಿದ್ದುದು ಸುಮಿತ್ರೆಗೆ.

ಸುಮಿತ್ರೆ ನಮ್ಮದೇ ಚಾಳ್‌ನ ಧಾರವಾಡದವರ ಮಗಳು. ಅವಳಪ್ಪ ಫೋರ್ಟ್ ಪೇಟೆಯಲ್ಲಿ ಒಬ್ಬ ವಕೀಲರ ಆಫೀಸಿನ ಗುಮಾಸ್ತ. ಅವಳು ಕಾನ್ವೆಂಟು, ನಾನು ಮುನಿಸಿಪಾಲ್ಟಿಯ ಕನ್ನಡ ಶಾಲೆ. ಕುಂಟಾಬಿಲ್ಲೆ ಆಡುವಾಗ ನನ್ನ ಕಾಲು ಗೆರೆಗೆ ತಾಗಿದರೆ ಸಾಕು, "ಬ್ರೀಚ್ ಆಫ್ ಕಾಂಟ್ರಾಕ್ಟ್!" ಎಂದು ಕೂಗಿ ನನ್ನನ್ನು ಔಟ್ ಮಾಡುತ್ತಿದ್ದಳು. ಅವಳ ರಿಬ್ಬನ್ನು ಕಂಡರೂ ನನಗೆ ಮೈ ಉರಿಯುತ್ತಿತ್ತು.

ಆ ಬೇಸಿಗೆಯಲ್ಲಿ, ಶೇಟ್ ಈ ಸಲ ವಕೀಲನನ್ನೂ ಕರೆತರುತ್ತಾನೆಂದು ಸುದ್ದಿ ಬಂತು. ಇಂಗ್ಲಿಷಿನಲ್ಲಿ ಏನೋ ಓದಿ ಸಹಿ ಹಾಕಿಸಿಕೊಂಡರೆ ಗತಿಯೇನೆಂದು ಅಪ್ಪಯ್ಯ ಹೆದರಿದರು. ಇದನ್ನೆಲ್ಲ ಬಲ್ಲ ಸುಮಿತ್ರೆಯ ಅಪ್ಪ ಮನೆಗೆ ಬರುವುದು ಹೋಟೆಲು ತುಂಬಿ ತುಳುಕುವ ಹೊತ್ತಿಗೆ. ಹಾಗಾಗಿ ರಜೆಯಲ್ಲಿದ್ದ ಸುಮಿತ್ರೆಯೇ ಗುರುವಾದಳು. ಮಧ್ಯಾಹ್ನ ಊಟದ ಗಿರಾಕಿಗಳು ಹೋದ ಮೇಲೆ ಮುಂಬಾಗಿಲಿನಿಂದಲೇ ಒಳಗೆ ಬಂದು ಅಪ್ಪಯ್ಯನ ಎದುರು ಕೂರುತ್ತಿದ್ದಳು.

"ಟರ್ಮ್ಸ್ ಅಂದಕೂಡ್ಲೆ ಕಂಡೀಷನ್ಸ್ ಬರಬೇಕ್ರಿ ಕಾಕಾ."

"ಇಡ್ಲಿ ಅಂದ್ರೆ ಸಾಂಬಾರ್ ಬಂದ್ಹಾಂಗೆ," ಎನ್ನುತ್ತಿದ್ದರು ಅಪ್ಪಯ್ಯ. "ಇನ್ನೊಂದ್ಸಲ ಹೇಳ್ ಮಗಾ, ನಾನೂ ಹೇಳ್ತೆ."

"ಸೈನ್ ದ ಕಾಂಟ್ರಾಕ್ಟ್. ರಿನ್ಯೂ ದ ಕಾಂಟ್ರಾಕ್ಟ್. ಇವು ಛಲೋ ಮಾತ್ರಿ. ಟರ್ಮಿನೇಟ್ ಅಂದ್ರ ಮುಗಿಸೂದು. ಅದು ಬಂದಾಗ ನೋಟಿಸ್‌ಕಿಂತ ಮೊದಲ ಏನೈತಿ ನೋಡ್ರಿ. ವಿದೌಟ್ ನೋಟಿಸ್ ಅಂದ್ರೋ, ಸಹಿ ಹಾಕಬ್ಯಾಡ್ರಿ."

ಗಲ್ಲಾದಲ್ಲಿ ಕೂತು ಊರಿಗೆಲ್ಲ ಗದರುವ ಅಪ್ಪಯ್ಯ ಅವಳ ಹಿಂದೆ ಒಂದೊಂದೇ ಮಾತು ಹೇಳುತ್ತಿದ್ದರು, ತಪ್ಪಾದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಪಾಠ ಮುಗಿದೊಡನೆ ಅವಳಿಗೆ ತುಪ್ಪದಲ್ಲಿ ಹೊಳೆಯುವ ಮಸಾಲೆ ದೋಸೆ. ಅಡುಗೆಮನೆಯ ಬಾಗಿಲ ಹಿಂದೆ ಈರುಳ್ಳಿಯ ಘಾಟಿನಲ್ಲಿ ನಿಂತು ನಾನು ಎಲ್ಲವನ್ನೂ ನೋಡುತ್ತಿದ್ದೆ. ಕಣ್ಣಲ್ಲಿ ನೀರು ಬಂದರೆ ಈರುಳ್ಳಿಯ ಮೇಲೆ ಹಾಕಲು ಅನುಕೂಲವಿತ್ತು.

"ಅವ್ಳಿಗ್ ಮಾತ್ರ ಟೇಬಲ್ ಎಂತಕೆ?" ಎಂದು ಅಮ್ಮನನ್ನು ಕೇಳಿದೆ.

"ಅವ್ಳ್ ಪಾಠ ಹೇಳ್ಕೊಡುಕೆ ಬಪ್ಪುದ್. ನೀನ್ ಮನಿ ಹೆಣ್ಣ್," ಎಂದರು ಅಮ್ಮ.

ಪಾಠವೇ ಬೇಕಾದರೆ ಆಗಲಿ ಎಂದು ಹಟ ಹಿಡಿದೆ. ಅಪ್ಪಯ್ಯನಿಗಿಂತ ಮೊದಲೇ ಅಷ್ಟೂ ಮಾತು ನನಗೆ ಬಾಯಿಪಾಠವಾಯಿತು. ಒಂದು ಸಲ ಅಪ್ಪಯ್ಯ ನನ್ನತ್ತ ತಿರುಗಿ "ನೀ ಹೇಳ್ ಕಾಂಬ" ಎಂದರೆ ಸಾಕಿತ್ತು. ಅನ್ನಲೇ ಇಲ್ಲ.

ಶೇಟ್ ಬರುವ ದಿನಕ್ಕೆ ಸರಿಯಾಗಿ ಸುಮಿತ್ರೆಯ ಮನೆಯವರು ಮದುವೆಗೆಂದು ಧಾರವಾಡಕ್ಕೆ ಹೋಗಿದ್ದರು. ವಕೀಲ ಗಡಗಡನೆ ಓದಿದ. ಅಪ್ಪಯ್ಯ ಬೆವರು ಒರೆಸಿಕೊಳ್ಳುತ್ತ ಎಲ್ಲದಕ್ಕೂ ತಲೆಯಾಡಿಸಿದರು. "ಬಸ್, ಇಧರ್ ಸೈನ್ ಕರೋ" ಎಂದ ವಕೀಲ. ಅಪ್ಪಯ್ಯ ಪೆನ್ನು ತೆಗೆದರು. ಬಾಗಿಲ ಹಿಂದಿದ್ದ ನನಗೆ ತಡೆಯಲಾಗಲಿಲ್ಲ.

"ಅಪ್ಪಯ್ಯಾ, ಸೈನ್ ಹಾಕ್ಬೇಡಿ! ಟರ್ಮಿನೇಟ್ ಅಂದ್ರು, ವಿದೌಟ್ ನೋಟಿಸ್ ಅಂದ್ರು!"

ಅಪ್ಪಯ್ಯ ಪೆನ್ನು ಕೆಳಗಿಟ್ಟು, "ಶೇಟ್‌ಜೀ, ನೋಟಿಸ್ ತೋ ಚಾಹಿಯೇ" ಎಂದರು. ಶೇಟ್ ನಕ್ಕುಬಿಟ್ಟ. "ಛೋಕರಿ ಹೋಶಿಯಾರ್ ಹೈ. ಲಿಖ್ ದೋ, ವಕೀಲ್‌ಸಾಬ್" ಎಂದ. ಮೂರು ತಿಂಗಳ ನೋಟಿಸ್ ಸೇರಿಸಿದ ಮೇಲೇ ಸಹಿ ಬಿತ್ತು.

ನಾನು ಬಾಗಿಲ ಹಿಂದೆ ಕಾದೆ. ಈಗ ಕರೆಯುತ್ತಾರೆ, ಟೇಬಲ್ಲಿಗೆ ಕೂರಿಸುತ್ತಾರೆ ಎಂದು ಕಾದೆ. ಅಪ್ಪಯ್ಯ ಗಲ್ಲಾಕ್ಕೆ ಹೋಗಿ ಕೂತರು. ವಾರದ ಮೇಲೆ ಸುಮಿತ್ರೆ ಬಂದಾಗ ಅವಳ ಮುಂದೆ ದೋಸೆಯ ಜೊತೆ ಜಿಲೇಬಿಯನ್ನೂ ಇಡಿಸಿದರು.

"ಕಾಣ್ ಮಗಾ, ನೀ ಎಷ್ಟ್ ಲಾಯ್ಕ್ ಕಲ್ಸಿದ್ದೆ! ಬಾಗ್ಲ್ ಹಿಂದಿದ್ದ್ ನಮ್ ಹೆಣ್ಣಿಗೂ ಬಂತಲೆ!"

ಆ ಜಿಲೇಬಿ ಅವಳಿಗೆ ಜೀರ್ಣವಾಗದಿರಲೆಂದು ದೇವರಿಗೆ ಕೈಮುಗಿದೆ. ಚೆನ್ನಾಗಿಯೇ ಜೀರ್ಣವಾಯಿತು.

ಕೊನೆಯ ವರ್ಷಗಳಲ್ಲಿ ಅಪ್ಪಯ್ಯ ಸಾಂತಾಕ್ರೂಜಿನಲ್ಲಿ ನನ್ನ ಮನೆಯಲ್ಲಿದ್ದರು. ಬಂದವರಿಗೆಲ್ಲ ಆ ಕಥೆ ಹೇಳುವರು. ಹೇಳುತ್ತ ಹೇಳುತ್ತ ಕಥೆ ಬದಲಾಗಿತ್ತು. "ಆ ಸುಮಿತ್ರಾ ಅಂಬು ಹೆಣ್ಣ್ ಬಾಗ್ಲ್ ಹಿಂದೆ ನಿಂತ್ ಕೂಗಿ ನಮ್ ಹೋಟ್ಲ್ ಉಳ್ಸಿತ್."

"ಅದ್ ನಾನ್, ಅಪ್ಪಯ್ಯ."

"ಹೌದಾ? ನೀನಾ?" ಎನ್ನುವರು. ಮುಂದಿನ ವಾರ ಮತ್ತೆ ಸುಮಿತ್ರೆಯೇ.

ಗ್ರಾಂಟ್ ರೋಡಿನ ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಅಮ್ಮ ಇಲ್ಲ, ಶೇಟ್ ಇಲ್ಲ. ಟೇಬಲ್ಲಿನ ಮುಂದೆ ಕೂತು ಬೇಕಾದಷ್ಟು ಮಸಾಲೆ ದೋಸೆ ತಿಂದಿದ್ದೇನೆ, ಹೊಟ್ಟೆಕಿಚ್ಚು ಮಾತ್ರ ಆರಿಲ್ಲ. ಅಪ್ಪಯ್ಯನೂ ಹೋದರು. ಆ ಕಥೆಯನ್ನು ತಪ್ಪಾಗಿ ಹೇಳುವುದಕ್ಕಾದರೂ ಒಬ್ಬರಿದ್ದರು. ಈಗ "ಅದು ನಾನು" ಎನ್ನೋಣವೆಂದರೆ ಎದುರಿಗೆ ಯಾರೂ ಇಲ್ಲ.