ವಾಲ್ವಿಗೆ ಹಾಕಿದ ಹಾರ

ನಾನು ಕಟ್ಟಿದ ಹಾರ ಹರಿಯುವುದಿಲ್ಲ. ಬೀರೂರು ಸ್ಟೇಷನ್ ರಸ್ತೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಆಯುಧಪೂಜೆ ಬಂತೆಂದರೆ ಲಾರಿಯವರು ನನ್ನ ಹೂವಿನ ಗೂಡಂಗಡಿಯನ್ನೇ ಹುಡುಕಿಕೊಂಡು ಬರುತ್ತಾರೆ. ಹೂವು ಒಣಗಿ ಕಡ್ಡಿಯಾದರೂ ಹಾರ ಮಾತ್ರ ಲಾರಿಯ ಮುಖ ಬಿಟ್ಟು ಕದಲುವುದಿಲ್ಲ.

ಆ ಹೆಮ್ಮೆಯೇ ಹೋದ ವಾರ ನನ್ನ ತಮ್ಮನ ಕುತ್ತಿಗೆಗೆ ಬಂತು.

ತಮ್ಮ ಮಂಜನನ್ನು ನೀವು ಬಲ್ಲಿರಿ. (ಈ ಅಂಕಣದಲ್ಲಿ ಅವನನ್ನು ಎಷ್ಟು ಸಲ ಆಡಿಕೊಂಡಿಲ್ಲ!) ಹೊಸಬರಿಗೆ ಹೇಳಬೇಕೆಂದರೆ, ಕಡೂರು ರಸ್ತೆಯಲ್ಲಿರುವ ಒಂದು ಥಿನ್ನರ್ ಗೋದಾಮಿನಲ್ಲಿ ಟ್ಯಾಂಕ್ ನೋಡಿಕೊಳ್ಳುವವನು ಅವನು. ಪೇಂಟಿಗೆ ಬೆರೆಸುತ್ತಾರಲ್ಲ, ಅದೇ ಥಿನ್ನರ್. ಒಂದು ಕಿಡಿ ಬಿದ್ದರೆ ಮುಗಿಯಿತು.

ರೈಲಿನಲ್ಲಿ ಹೋಗುವಾಗ ಆ ಟ್ಯಾಂಕುಗಳು ಕಿಟಕಿಯಿಂದ ಕಾಣುತ್ತವೆ. ಬೆಳ್ಳಗೆ, ದುಂಡಗೆ. ಬಿಸಿಲೇರಿದ ಹೊತ್ತಿನಲ್ಲಿ ಅವು ನೆಲವನ್ನು ತುಸು ಬಿಟ್ಟು ತೇಲುತ್ತಿವೆಯೇನೋ ಅನಿಸುತ್ತದೆ. ಮೋಡದ ನೆರಳು ಎಮ್ಮೆದೊಡ್ಡಿ ಕಾವಲಿನ ಕಡೆಯಿಂದ ಮೆಲ್ಲಗೆ ನಡೆದು ಬಂದು, ಅವುಗಳ ಮೈ ಸವರಿ, ಹಾಗೇ ಮುಂದೆ ಹೋಗುತ್ತದೆ. ಅಷ್ಟು ತಣ್ಣಗೆ ಕಾಣುವ ವಸ್ತುವಿನ ಹೊಟ್ಟೆಯಲ್ಲಿ ಅಷ್ಟು ಬೆಂಕಿ ಇರುತ್ತದೆಯೇ?

ಆಯುಧಪೂಜೆಯ ಬೆಳಿಗ್ಗೆ ಹಾರದ ಬುಟ್ಟಿ ಹೊತ್ತು ನಾನೇ ಅಲ್ಲಿಗೆ ಹೋಗಿದ್ದೆ. ಅಂಗಳ ತೊಳೆದಿದ್ದರು. ನೀರು ನಿಂತ ಕಡೆಯೆಲ್ಲ ಆಕಾಶ ಬಿದ್ದಿತ್ತು. ಮಂಜ ನನ್ನನ್ನು ಟ್ಯಾಂಕಿನ ಬುಡಕ್ಕೆ ಕರೆದುಕೊಂಡು ಹೋಗಿ, ಹೊಸ ಕರು ತೋರಿಸುವವನ ಹಾಗೆ ಒಂದು ವಾಲ್ವ್ ತೋರಿಸಿದ.

‘ನೋಡಕ್ಕ, ದಿನಾ ತಿರುಗ್ಸೋ ವಾಲ್ವ್ ಬೇರೆ. ಇದು ವರ್ಷಾನ್ಗಟ್ಲೆ ಸುಮ್ನೆ ನಿಂತಿರ್ತದೆ.’

‘ಸುಮ್ನೆ ನಿಂತ್ಕೊಳಕ್ಕೂ ಸಂಬಳವೇನೋ? ನಿನ್ನಂಗೇ ಇದೆ ಬಿಡು.’

‘ನಗಬ್ಯಾಡ ಕಣಕ್ಕ. ಈ ಲಿವರ್ ಎತ್ತಿರೋಗಂಟ ಥಿನ್ನರ್ ಹೋಗೋ ದಾರಿ ತೆಗ್ದಿರ್ತದೆ. ಹಿಡ್ಕೊಂಡಿರೋ ಈ ಕೊಂಡಿ ಇದ್ಯಲ್ಲ, ಬೆಂಕಿ ಕಾವಿಗೆ ಕರಗ್ಹೋಗ್ತದೆ. ಆಗ ಸ್ಪ್ರಿಂಗ್ ಎಳ್ದು ಲಿವರ್ ಬೀಳ್ತದೆ, ದಾರಿ ಬಂದ್. ಗೇಟಿಂದ ಹಗ್ಗ ಎಳುದ್ರೂ ಬೀಳ್ತದೆ. ನಾವೆಲ್ಲ ಹೆದರ್ಕೊಂಡು ಓಡೋದ್ರೂ ಇದು ಓಡಲ್ಲ.’

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ನನ್ನ ಕಣ್ಣಿಗೆ ಆ ಲಿವರ್ ಕಂಡದ್ದು ಬೇರೆಯೇ ಥರ. ಮೇಷ್ಟ್ರು ನೋಡಲಿ ಎಂದು ಕೈ ಎತ್ತಿ ನಿಂತ ಹುಡುಗಿಯಂತೆ ಕಂಡಿತು. ಇನ್ನೂ ಯಾರೂ ‘ಕೈ ಇಳಿಸು’ ಅಂದಿಲ್ಲ. ಪಾಪ ಅನಿಸಿತು. ಎಲ್ಲಕ್ಕಿಂತ ದಪ್ಪನೆಯ ಚೆಂಡುಹೂವಿನ ಹಾರವನ್ನು ಅದಕ್ಕೇ ಹಾಕಿದೆ.

ಹಾರ ಜಾರಿತು. ಮತ್ತೆ ಹಾಕಿದೆ. ಮತ್ತೆ ಜಾರಿತು.

ಪೂಜೆಯ ಹಾರ ನೆಲಕ್ಕೆ ಬೀಳಬಾರದು. ಅಪಶಕುನ. ಮಂಜ ಕುಂಬಳಕಾಯಿ ತರಲು ಆ ಕಡೆ ಹೋಗಿದ್ದ. ಲಾರಿಯ ಹಾರಗಳಿಗೆ ಸುತ್ತುವ ಸಣ್ಣ ಕಬ್ಬಿಣದ ತಂತಿ ಬುಟ್ಟಿಯಲ್ಲೇ ಇತ್ತು. ಹೂವಿನ ಒಳಗಿಂದ ತೂರಿಸಿ, ಲಿವರನ್ನೂ ಮೇಲಿನ ಪೈಪನ್ನೂ ಸೇರಿಸಿ ಬಿಗಿದೆ. ಹೊರಗೆ ಕಾಣದಂತೆ ಹೂವು ಸರಿಸಿದೆ. ತೋರಣದಂತೆ ಚಂದ ಕಂಡಿತು. ಆ ಕ್ಷಣ ನನಗೆಷ್ಟು ಸಂತೋಷವಾಗಿತ್ತೆಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೂವು ಬಾಡಿತು. ಹಾರ ಉಳಿಯಿತು. ಪೂಜೆಯ ಹಾರವನ್ನು ಕೈಯಾರೆ ಕೀಳಬಾರದು, ಅದು ತಾನಾಗಿ ಉದುರಬೇಕು ಅನ್ನುವುದು ನಮ್ಮ ಮನೆಯ ಪದ್ಧತಿ. ಅದರಲ್ಲೂ ಅಕ್ಕ ಹಾಕಿದ ಹಾರ. ಮಂಜ ಹಾಗೇ ಬಿಟ್ಟ. ಒಣ ಹೂವು ತಾನೇ, ಲಿವರ್ ಬಿದ್ದರೆ ಅದೂ ಬೀಳುತ್ತದೆ ಅಂದುಕೊಂಡಿದ್ದಾನು.

ಹೋದ ವಾರ ಅಲ್ಲಿ ಮಾಕ್ ಡ್ರಿಲ್ ಇತ್ತು. ಅಂದರೆ ಬೆಂಕಿ ಬಿದ್ದಿದೆ ಎಂದುಕೊಂಡು ಎಲ್ಲರೂ ಓಡುವ ನಾಟಕ. ಮಂಜ ಮರೆತು ಹೋಗಿದ್ದ ಊಟದ ಡಬ್ಬಿ ಹಿಡಿದು ನಾನು ಗೇಟಿನಲ್ಲಿ ನಿಂತಿದ್ದೆ. ಸೈರನ್ ಕೂಗಿತು. ಮ್ಯಾನೇಜರ್ ಹಗ್ಗ ಎಳೆದರು.

ಲಿವರ್ ಬೀಳಲಿಲ್ಲ.

ಇನ್ನೊಮ್ಮೆ ಎಳೆದರು. ಒಣ ಚೆಂಡುಹೂವಿನ ನಾಲ್ಕು ಎಸಳು ಉದುರಿದವು, ಅಷ್ಟೇ. ಅವು ಗಾಳಿಯಲ್ಲಿ ಸುತ್ತುತ್ತ, ಅವಸರವೇ ಇಲ್ಲದೆ ಇಳಿದವು. ಆ ಎಸಳುಗಳನ್ನು ನಾನು ಇವತ್ತಿಗೂ ನೋಡುತ್ತಿದ್ದೇನೆ. ಹೂವಿನ ಗೂಡಿನಲ್ಲಿ ಕುಳಿತು ತೂಕಡಿಸಿದರೆ ಸಾಕು, ಅವು ಇಳಿಯತೊಡಗುತ್ತವೆ. ನೆಲ ಮುಟ್ಟುವುದೇ ಇಲ್ಲ. ಹಿಂದೆ ಬಿಳಿ ಟ್ಯಾಂಕು. ಅದರ ಬುಡದಲ್ಲಿ ಎತ್ತಿದ ಕೈ. ಸೈರನ್ ಕೂಗುತ್ತಿರುತ್ತದೆ, ಅಷ್ಟರಲ್ಲಿ ಯಾರೋ ‘ಮೊಳ ಎಷ್ಟಮ್ಮ?’ ಅನ್ನುತ್ತಾರೆ, ಎಚ್ಚರವಾಗುತ್ತದೆ. ಕೂಗಿದ್ದು ರೈಲು.

ಮ್ಯಾನೇಜರ್ ಹಾರ ಕಿತ್ತರು. ತಂತಿ ಹೊರಬಂತು.

‘ಏನಪ್ಪಾ ಮಂಜ, ವಾಲ್ವಿಗೂ ತಾಳಿ ಕಟ್ಬಿಟ್ಟಿದ್ದೀಯಾ?’ ಎಂದು ಜೊತೆಯವನೊಬ್ಬ ಕಿಚಾಯಿಸಿದ. ಒಂದಿಬ್ಬರು ನಕ್ಕರು. ಮ್ಯಾನೇಜರ್ ನಗಲಿಲ್ಲ.

‘ಯಾರು ಕಟ್ಟಿದ್ದು ಇದನ್ನ?’

ಮಂಜ ತಂತಿಯ ಗಂಟು ನೋಡಿದ. ನನ್ನ ಗಂಟು ಅವನಿಗೆ ಗೊತ್ತಾಗದೇ ಇರುತ್ತದೆಯೇ? ಅವನ ಚಡ್ಡಿಯ ಲಾಡಿ ಕಟ್ಟಿದವಳು ನಾನು. ಗೇಟಿನ ಕಡೆ ಒಂದೇ ಸಲ ಕಣ್ಣು ಹಾಯಿಸಿದ. ಆಮೇಲೆ ತಲೆ ತಗ್ಗಿಸಿದ.

‘ನಾನೇ ಸಾರ್.’

‘ಹಗ್ಗ ತುಸು ತಾಗಿದ್ರೂ ಲಿವರ್ ಬೀಳ್ತದೆ, ಎತ್ತೋದು ಯಾರು ಅಂತ ಸೋಮಾರಿಗಳು ಮಾಡೋ ಕೆಲಸ ಕಣಯ್ಯ ಇದು. ನೀನೂ ಹಂಗೇನಾ? ವಾಲ್ವ್ ಕಟ್ಟಿಹಾಕೋನ ಕೈಗೆ ಟ್ಯಾಂಕ್ ಕೊಡಾಕಾಗಲ್ಲ.’

ಮಂಜ ಸೋಮಾರಿಯಂತೆ! ಮನೆಯಲ್ಲಿ ಗ್ಯಾಸ್ ಆಫ್ ಮಾಡಿದ್ದೀನೋ ಇಲ್ಲವೋ ಎಂದು ಬಸ್‌ಸ್ಟಾಂಡಿನಿಂದ ವಾಪಸ್ ಬಂದು ನೋಡುವವನು.

ನಾನು ಗೇಟಿನಲ್ಲೇ ಇದ್ದೆ. ‘ಸಾರ್, ಕಟ್ಟಿದ್ದು ನಾನು’ ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಯಾಕೆ? ಹೂವಿನವಳ ಹಾರದಿಂದ ಗೋದಾಮು ಸುಡುತ್ತಿತ್ತಂತೆ ಎಂದು ಸುದ್ದಿಯಾದರೆ ನನ್ನ ಹತ್ತಿರ ಯಾರು ಕೊಳ್ಳುತ್ತಾರೆ ಅನ್ನಿಸಿತು. ಡಬ್ಬಿಯನ್ನು ವಾಚ್‌ಮನ್ ಕೈಗೆ ಕೊಟ್ಟು ಬಂದುಬಿಟ್ಟೆ. ಬೀಳಬೇಕಾದ ಲಿವರನ್ನು ಬೀಳಲು ಬಿಡಲಿಲ್ಲ, ತೆರೆಯಬೇಕಾದ ಬಾಯಿಯನ್ನು ತೆರೆಯಲಿಲ್ಲ. ಇದರಲ್ಲಿ ಯಾವುದು ದೊಡ್ಡ ತಪ್ಪು?

ಈಗ ಮಂಜ ಡ್ರಮ್ಮು ತೊಳೆಯುತ್ತಾನೆ. ಟ್ಯಾಂಕಿನ ಕಡೆಗೆ ಹೋಗುವಂತಿಲ್ಲ. ಅವನ ಜಾಗಕ್ಕೆ ಬೇರೆಯವರನ್ನು ಹುಡುಕುತ್ತಿದ್ದಾರೆ, ಸಿಕ್ಕಿದರೆ ಅದು ಮತ್ತೆ ಇವನಿಗಿಲ್ಲ. ಮನೆಗೆ ಬಂದು ಆ ಮಾತೇ ಎತ್ತುವುದಿಲ್ಲ. ‘ಅಕ್ಕ, ಸಾರಿಗೆ ಉಪ್ಪು ಕಮ್ಮಿ’ ಅನ್ನುತ್ತಾನೆ. ಬೈದಿದ್ದರೆ ಉಣ್ಣಬಹುದಿತ್ತು.

ಮೊನ್ನೆ ಧೈರ್ಯ ಮಾಡಿ ಗೋದಾಮಿನ ಆಫೀಸಿಗೆ ಹೋದೆ. ‘ಏನಮ್ಮ?’ ಅಂದರು ಮ್ಯಾನೇಜರ್. ‘ಹೂವು ಸಾರ್’ ಅಂದೆ. ಅಷ್ಟೇ ಬಂತು ಬಾಯಿಗೆ.

ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ತಂತಿ ಕಟ್ಟಿದವಳು ನಾನು, ನನ್ನ ತಮ್ಮನಲ್ಲ. ಅವನಿಗೆ ತಂತಿ ಇರುವುದೂ ತಿಳಿದಿರಲಿಲ್ಲ. ಮತ್ತೆ, ನನ್ನಿಂದ ಹಾರ ಒಯ್ದ ಎಲ್ಲರೂ ಇವತ್ತೇ ಹೋಗಿ ನೋಡಿ: ಬೀಳಲೆಂದೇ ಮಾಡಿಟ್ಟ ಯಾವುದಕ್ಕಾದರೂ ಹಾರ ಸುತ್ತಿಕೊಂಡಿದ್ದರೆ ಕಿತ್ತು ಹಾಕಿ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ವಾರವಾರ ಈ ಪತ್ರಿಕೆ ಬಂದ ದಿನ ಗೋದಾಮಿನ ಗೇಟಿನ ಟೀ ಅಂಗಡಿಯಲ್ಲಿ ಮಂಜ ನನ್ನ ಅಂಕಣವನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುತ್ತಾನೆ. ‘ನಮ್ಮಕ್ಕ ಬರ್ದಿರೋದು ಕಣ್ರೋ’ ಅನ್ನುತ್ತಾನೆ. ಮ್ಯಾನೇಜರ್ ಕೂಡ ಅಲ್ಲೇ ನಿಂತು ಟೀ ಕುಡಿಯುತ್ತಾರೆ.

ಮಂಜ, ಈ ವಾರದ್ದನ್ನೂ ಗಟ್ಟಿಯಾಗಿ ಓದ್ತೀಯೋ, ಇಲ್ಲಾ ಇದನ್ನೂ ಮಡಚಿ ಜೇಬಿಗೆ ಹಾಕ್ಕೊಂಡು ‘ನಾನೇ ಸಾರ್’ ಅಂತೀಯೋ?