ನೀರು ಕೇಳಿ ನೋಡಿದ ಶಾಲೆಗಳು

ಬಸವಕಲ್ಯಾಣ, ಹುಮನಾಬಾದಿನ ನಡುವಿನ ನಮ್ಮ ಊರಿನಲ್ಲಿ ಶಾಲೆ ಐದನೆಯ ತರಗತಿಗೇ ಮುಗಿಯುತ್ತದೆ. ಮೊಮ್ಮಗಳು ಆರಕ್ಕೆ ಬಂದಳು. ಮಗ ಹೇಳಿಬಿಟ್ಟ: "ಸಂಡಾಸ ಇಲ್ಲದ ಸಾಲಿಗಿ ಹುಡುಗೀನ ಕಳ್ಸಲ್ಲ ಅವ್ವಾ. ನೀನೇ ನೋಡ್ಕೊಂಡು ಬಾ. ಇದ್ರ ಸಾಲಿ, ಇಲ್ಲಂದ್ರ ಮನಿ."

ಅವನು ಹೇಳಿದ್ದು ತಪ್ಪಲ್ಲ. ಇಂದೋ ನಾಳೆಯೋ ದೊಡ್ಡವಳಾಗುವ ಹುಡುಗಿ.

ನಾನು ಓದಿದ್ದು ಅಷ್ಟಕ್ಕಷ್ಟೇ, ಶಾಲೆ ನೋಡುವುದು ಗೊತ್ತಿಲ್ಲ. ಮನೆ ನೋಡುವುದು ಗೊತ್ತು. ನಮ್ಮಲ್ಲಿ ಹೆಣ್ಣು ಕೊಡುವ ಮನೆಗೆ ಹೋದ ಹೆಂಗಸರು ಮೊದಲು ನೀರು ಕೇಳುತ್ತಾರೆ. ಯಾರು ಎದ್ದು ತರುತ್ತಾರೆ, ತಂಬಿಗೆ ತೊಳೆದದ್ದೋ ಅಲ್ಲವೋ ನೋಡುತ್ತಾರೆ. ಆಮೇಲೆ ನೆವ ಮಾಡಿಕೊಂಡು ಹಿತ್ತಲಿಗೂ ಹೋಗಿ ಬರುತ್ತಾರೆ. ನಾನೂ ಹಾಗೇ ಹೋದೆ.

ಬಸವಕಲ್ಯಾಣದ ಕಡೆ, ನಡೆದು ಹೋಗುವಷ್ಟು ದೂರದಲ್ಲಿ ಒಂದು ಸರಕಾರಿ ಶಾಲೆ. ನೀರು ಕೇಳಿದೆ. ಮಾಸ್ತರರು ಒಬ್ಬ ಹುಡುಗಿಯನ್ನು ಎದುರಿನ ಮನೆಗೆ ಓಡಿಸಿದರು. ಸಂಡಾಸಿಗೆ ಬೀಗ.

"ಕೀಲಿ ಎಲ್ಲದರಿ?"

"ಹೆಡ್‌ಮಾಸ್ತರ ಬಲ್ಲಿ ಅದ. ಅವ್ರು ಮೀಟಿಂಗಿಗಿ ಹೋಗ್ಯಾರ."

"ಅವ್ರು ಬರೂತನಾ ಹುಡುಗ್ಯಾರು ಬಿಗಿ ಹಿಡ್ಕೊಂಡು ಕೂಡಬೇಕೇನ್ರಿ?"

ಮಾಸ್ತರರು ಹಲಗೆಯ ಕಡೆ ತಿರುಗಿದರು.

ಹುಮನಾಬಾದಿನ ಕಡೆಯ ಶಾಲೆಗೆ ಟಮ್‌ಟಮ್ ಹತ್ತಬೇಕು. ಅಲ್ಲಿ ಪಾಠ ಮಾಡುತ್ತಿದ್ದ ಒಬ್ಬ ಅಕ್ಕೋರು ತಾವೇ ಎದ್ದು, ತಂಬಿಗೆ ತೊಳೆದು ನೀರು ಕೊಟ್ಟರು. ಸಂಡಾಸಿನ ನೆಲ ಆಗಷ್ಟೇ ತೊಳೆದು ಒದ್ದೆಯಾಗಿತ್ತು, ಬಕೆಟ್ಟಿನಲ್ಲಿ ನೀರಿತ್ತು, ಬಾಗಿಲಿಗೆ ಒಳಚಿಲಕವೂ ಇತ್ತು. ನಾನು ಚಿಲಕ ಹಾಕಿ, ತೆಗೆದು ನೋಡಿದೆ.

"ಆಯಿ, ಸಾಲಿ ನೋಡಾಕ ಬಂದೀರೋ, ವರಾ ನೋಡಾಕ ಬಂದೀರೋ?" ಅಕ್ಕೋರು ನಕ್ಕರು.

"ವರ ಛಲೋ ಇಲ್ಲಂದ್ರ ಬಿಟ್ಟು ಬರ್ತೀವ್ರಿ ಅಕ್ಕೋರೆ. ಸಾಲಿ ಛಲೋ ಇಲ್ಲಂದ್ರ ಮತ್ತ ವರಾನೇ ನೋಡಬೇಕಾಗ್ತದ."



ಅದೇ ಶಾಲೆ ಎಂದು ಮಗನಿಗೆ ಹೇಳಿದೆ. ಹೆಸರು ಹಚ್ಚಿದೆವು.

ಶಾಲೆ ಶುರುವಾಗುವಷ್ಟರಲ್ಲಿ ಆ ಅಕ್ಕೋರಿಗೆ ವರ್ಗವಾಗಿತ್ತು. ಬಕೆಟ್ ತುಂಬಿಸಿಡುತ್ತಿದ್ದವರು ಅವರೊಬ್ಬರೇ. ರಜೆಯಲ್ಲಿ ಯಾರೋ ಚಿಲಕ ಕಿತ್ತಿದ್ದರು, ಹಾಕಿಸುವವರು ಯಾರೂ ಇಲ್ಲ. ಇದೆಲ್ಲ ನನಗೆ ತಡವಾಗಿ ಗೊತ್ತಾಯಿತು. ಮನೆ ನೋಡುವಾಗಲೂ ನಾವು ಇದೇ ತಪ್ಪು ಮಾಡುತ್ತೇವೆ. ನೀರು ತಂದುಕೊಟ್ಟ ಸೊಸೆಯನ್ನು ಮೆಚ್ಚಿ ಹೆಣ್ಣು ಕೊಡುತ್ತೇವೆ. ಅವಳು ಬೇರೆ ಮನೆ ಮಾಡಿಕೊಂಡು ಹೋದ ಮೇಲೆ ಗೊತ್ತಾಗುತ್ತದೆ, ಆ ಮನೆ ಎಂಥದೆಂದು.

ಮೊಮ್ಮಗಳು ದಿನಾ ಟಮ್‌ಟಮ್ ಹತ್ತಿ ಹೋಗಿ ಬರುತ್ತಿದ್ದಳು. ಸಂಜೆ ನೀರಿನ ಬಾಟಲಿ ತುಂಬಿದ್ದು ತುಂಬಿದಂತೆಯೇ ಮರಳಿ ಬರುತ್ತಿತ್ತು.

"ಯಾಕ ಕುಡ್ದಿಲ್ಲ?"

"ನೀರಡ್ಸಿಲ್ಲ ಆಯಿ."

"ಇಂಥಾ ಬಿಸಲಾಗ?"

ಆಗ ಬಾಯಿ ಬಿಟ್ಟಳು. "ಕುಡುದ್ರ ಹೋಗಬೇಕಾಗ್ತದ. ಅಪ್ಪಗ ಹೇಳಬ್ಯಾಡ."

ಹೇಳಿಲ್ಲ. ಹತ್ತಿರದ ಶಾಲೆಯ ಬೀಗ ಈಗಲೂ ಹಾಗೇ ಇದೆಯಂತೆ. ನೋಡಲು ಮೂರನೆಯ ಶಾಲೆಯಿಲ್ಲ. ಅವಳು ದೊಡ್ಡವಳಾದ ದಿನ ಈ ಮುಚ್ಚುಮರೆ ನಡೆಯುವುದಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತು.

ಬೆಳಿಗ್ಗೆ ಬಾಟಲಿ ತುಂಬಿ ಕೊಡುತ್ತೇನೆ. ಸಂಜೆ ಮಗ ಹೊಲದಿಂದ ಬರುವುದರೊಳಗೆ ಆ ನೀರನ್ನು ಎಮ್ಮೆಯ ಬಕೆಟ್ಟಿಗೆ ಸುರಿಯುತ್ತೇನೆ.