ಶೀನ ಮಾವ ಹಾಕಿದ ಆಯಿಲ್

ಸಾನಪಾಡಾದಲ್ಲಿ ನಮ್ಮ ಸೊಸೈಟಿಯ ಗೇಟಿನ ಪಕ್ಕ ಒಂದು ಗ್ಯಾರೇಜಿದೆ. ಬಿಸಿ ಇಂಜಿನ್ನಿನಿಂದ ಹಳೆಯ ಆಯಿಲ್ ಇಳಿಸುವಾಗ ಏಳುವ ಆ ಸುಟ್ಟ, ಜಿಡ್ಡು ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡು ಓಡುತ್ತಾರೆ. ನಾನು ಮಾತ್ರ ತರಕಾರಿ ಚೀಲ ಹಿಡಿದು ಹುಚ್ಚಿಯ ಹಾಗೆ ಅಲ್ಲೇ ನಿಲ್ಲುತ್ತೇನೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ, ಒಗ್ಗರಣೆಯದೋ, ಹಳೆ ಟ್ರಂಕಿನದೋ. ನನಗೆ ಮನೆ ಎಂದರೆ ಇದೇ. ಡೊಂಬಿವಲಿ ಪಶ್ಚಿಮದ ಒಂದು ಚಾಳಿನಲ್ಲಿ ನಾವಿದ್ದೆವು: ಅಪ್ಪ, ಅಮ್ಮ, ನಾನು, ಅಪ್ಪನ ಅಕ್ಕ ಗುಲಾಬಿ ಅತ್ತೆ, ಅವರ ಗಂಡ ಶೀನ ಮಾವ. ಅಪ್ಪ ಅಂಬರನಾಥದ ಫ್ಯಾಕ್ಟರಿ ಕ್ಯಾಂಟೀನಿಗೆ ಹೋಗುತ್ತಿದ್ದರು. ಮಲ್ಪೆಯಲ್ಲಿ ಮೀನಿನ ಬೋಟಿನಲ್ಲೇ ಬೆಳೆದ ಮಾವನಿಗೆ ಇಲ್ಲಿ ಸಮುದ್ರ ಸಿಗಲಿಲ್ಲ, ಖಾಡಿ ಸಿಕ್ಕಿತು. ಸಮುದ್ರದ ಉಬ್ಬರ ನುಗ್ಗಿ ಬರುವ ಆ ಅಗಲವಾದ ಹೊಳೆಯನ್ನು ಅಲ್ಲಿನವರು ಹಾಗೇ ಕರೆಯುತ್ತಾರೆ. ಜನ, ಹಾಲಿನ ಕ್ಯಾನು, ಬೈಕು ಎಲ್ಲವನ್ನೂ ಆಚೆ ದಡಕ್ಕೆ ದಾಟಿಸುವ ಮರದ ಬೋಟು ಮಾವನದು. ಅದರ ಹೊಟ್ಟೆಯೊಳಗೆ, ಹಲಗೆಗಳ ಅಡಿಯಲ್ಲಿ, ಡೀಸೆಲ್ ಇಂಜಿನ್ ಕೂತಿತ್ತು.

ಆಯಿಲ್ ಬದಲಾಯಿಸುವ ದಿನವೆಂದರೆ ಹಬ್ಬ, ಮತ್ತು ಹಬ್ಬಕ್ಕೆ ತಕ್ಕ ಜಗಳ. ಮಾವ ಮೊದಲು ಬೋಟನ್ನು ಆಚೆ ದಡ ಮುಟ್ಟಿಸಿ ತರುತ್ತಿದ್ದರು. ಇಂಜಿನ್ ಬಿಸಿಯಾಗದಿದ್ದರೆ ಆಯಿಲ್ ದಪ್ಪಗಿದ್ದು ಕೊಳೆಯೆಲ್ಲ ತಳದಲ್ಲೇ ಉಳಿಯುತ್ತದೆ. ಬೋಟಿನ ಇಂಜಿನ್ನಿನ ಕೆಳಗೆ ಕೈ ಹಾಕಲು ಜಾಗವಿಲ್ಲ. ಹಾಗಾಗಿ ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು ಎಳೆದು, ಆ ತೂತಿನೊಳಗೆ ಸಣ್ಣ ನಳಿಗೆ ಇಳಿಬಿಟ್ಟು, ಕೈಪಂಪಿನಿಂದ ಮೇಲಕ್ಕೆಳೆಯಬೇಕು. ಕರ್ರಗಿನ ಆಯಿಲ್ ಡಬ್ಬಕ್ಕೆ ಬೀಳುವಾಗ ಮಾವ ಒಂದು ತೊಟ್ಟನ್ನು ಬೆರಳಲ್ಲಿ ತಿಕ್ಕಿ, ಕಬ್ಬಿಣದ ತರಿ ಇದೆಯೋ, ನೀರು ಸೇರಿ ಬೆಳ್ಳಗಾಗಿದೆಯೋ ನೋಡುತ್ತಿದ್ದರು. ಅತ್ತೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹೊಸ ಫಿಲ್ಟರ್ ಒರೆಸಿ ಕೊಡುತ್ತ ಒಂದೇ ಸಮ ಬೈಯುತ್ತಿದ್ದರು. "ಇವತ್ತು ನಾಳೆ ಅಂತ ಎಷ್ಟು ದಿನ ದೂಡಿದ್ರಿ! ನಿಮ್ಮ ಹೊಟ್ಟೆಗೆ ಹೊತ್ತೊತ್ತಿಗೆ ಬೀಳ್ಬೇಕು, ಅದರ ಹೊಟ್ಟೆಗೆ ಬೇಡ್ವಾ ಮಾರಾಯ್ರೆ?" ಮಾವ ನಗುತ್ತಿದ್ದರು. ಅವರಿಗೆ ಆ ಬೈಗುಳ ಇಲ್ಲದೆ ಕೆಲಸ ಸಾಗುತ್ತಲೇ ಇರಲಿಲ್ಲ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, ಹೀಗೆ ಆಯಿಲ್ ಬದಲಾಯಿಸಿದ ಕೆಲವೇ ದಿನಕ್ಕೆ, ಮಾವ ಬೆಳಿಗ್ಗೆ ಅಂಗಿ ತೊಡುತ್ತ ತೊಡುತ್ತಲೇ ಕುಸಿದು ಹೋಗಿಬಿಟ್ಟರು. ಬೋಟು ಮಾರಿಬಿಡು ಎಂದರು ನೆಂಟರು. ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ. ಚುಕ್ಕಾಣಿ ಹಿಡಿಯಲು ಅಲ್ಲಿನವನೇ ಆದ ಬಾಳೂ ದಾದಾನನ್ನು ಇಟ್ಟುಕೊಂಡು, ತಾವು ಇಂಜಿನ್ನಿನ ಪಕ್ಕ ಸೆರಗು ಬಿಗಿದು ಕೂತರು. ಎಲ್ಲ ಸರಿಯಾಗೇ ನಡೆಯಿತು, ಒಂದನ್ನು ಬಿಟ್ಟು. ಆಯಿಲ್ ಬದಲಾಯಿಸುವ ದಿನ ಬಂತು, ಹೋಯಿತು. ಮತ್ತೊಮ್ಮೆ ಬಂತು, ಹೋಯಿತು. ಮಟ್ಟ ಇಳಿದರೆ ಮೇಲಿಂದ ಒಂದಿಷ್ಟು ಸುರಿಯುತ್ತಿದ್ದರೇ ಹೊರತು ಹಳೆಯದನ್ನು ತೆಗೆಯಲು ಬಿಡಲಿಲ್ಲ. ಆಯಿಲ್ ಡಾಂಬರಿನಷ್ಟು ಕಪ್ಪಾಯಿತು. "ಅಕ್ಕಾ, ಆತಾ ತರೀ ಬದಲಾ ನಾ," ಈಗಲಾದರೂ ಬದಲಾಯಿಸಿ ಎಂದು ಬಾಳೂ ದಾದಾ ಗೋಗರೆದ. ಅತ್ತೆ ಮುಖ ತಿರುಗಿಸಿದರು.

ಕೊನೆಗೆ ಒಂದು ಭಾನುವಾರ ಊಟಕ್ಕೆ ಕೂತಾಗ ಅಪ್ಪ ಬಾಯಿಬಿಟ್ಟರು. "ಅಕ್ಕ, ಇಂಜಿನ್ ಹೋದ್ರೆ ಬೋಟು ಹೋದ ಹಾಗೇ. ಭಾವ ಇದ್ದಿದ್ರೆ ನಿನಗೆ ಬೈತಿದ್ರು."

"ಬೈಲಿ," ಎಂದರು ಅತ್ತೆ. "ಬಂದು ಬೈಲಿ. ಅದು ಅವರ ಕೈಯಿಂದ ಹಾಕಿದ್ದು. ನಾನು ತೆಗೀಲಿಕ್ಕಿಲ್ಲ."

ಅಮ್ಮ ಎಲ್ಲರಿಗೂ ಮತ್ತೊಂದು ಸಲ ಸಾರು ಬಡಿಸಿದರು.

ದೀಪಾವಳಿ ರಜೆಯಲ್ಲಿ ನಾನೂ ಬೋಟಿನಲ್ಲಿದ್ದ ದಿನ, ಖಾಡಿಯ ನಟ್ಟನಡುವೆ ಇಂಜಿನ್ನಿನೊಳಗಿಂದ ಸುತ್ತಿಗೆಯಿಂದ ಬಡಿದ ಹಾಗೆ ಸದ್ದು ಶುರುವಾಯಿತು. ಅತ್ತೆ "ಬಂದ್ ಕರ್!" ಎಂದು ಕೂಗಿದರು. ಬಾಳೂ ದಾದಾ ಇಂಜಿನ್ ನಿಲ್ಲಿಸಿ, ಉದ್ದನೆಯ ಬಿದಿರ ಗಳು ಊರಿ ಬೋಟನ್ನು ದಡಕ್ಕೆ ತಂದ. ಜನ ಗೊಣಗುತ್ತ ಇಳಿದು ಹೋದರು. ಅತ್ತೆ ಹಲಗೆ ಸರಿಸಿ ಇಂಜಿನ್ನನ್ನೇ ನೋಡುತ್ತ ಕೂತರು, ಜ್ವರ ಬಂದ ಮಗುವನ್ನು ನೋಡುವ ಹಾಗೆ. ಆಮೇಲೆ ನನಗೆ, "ಪಂಪ್ ತಾ," ಎಂದರು.

ಆಯಿಲನ್ನು ಅವರೇ ಎಳೆದರು, ಬಾಳೂ ದಾದಾನನ್ನು ಮುಟ್ಟಲೂ ಬಿಡಲಿಲ್ಲ. ಎಳೆಯುತ್ತ ಮಾವನಿಗೆ ಬೈಯತೊಡಗಿದರು. "ಹೋಗುವವರು ಹೇಳಿ ಹೋಗ್ಬೇಕು. ಇಷ್ಟು ದೊಡ್ಡ ಇಂಜಿನ್ ನನ್ನ ಕುತ್ತಿಗೆಗೆ ಕಟ್ಟಿ ಹೋದ್ರಲ್ಲ, ನಾಚಿಕೆ ಆಗ್ಬೇಕು ನಿಮಗೆ!" ಕನ್ನಡ ಬಾರದ ಬಾಳೂ ದಾದಾ ಕೂಡ ನೀರಿನ ಕಡೆ ಮುಖ ಮಾಡಿ ನಿಂತ. ಆಯಿಲ್ ಮುಗಿದು ಪಂಪು ಬರೀ ಗಾಳಿ ಎಳೆದು ಗೊರಗುಟ್ಟಿದರೂ ಅತ್ತೆಯ ಕೈ ನಿಲ್ಲಲಿಲ್ಲ. "ಅತ್ತೆ, ಮುಗೀತು," ಎಂದೆ. ಆಗ ಅತ್ತರು, ಮಾವ ಹೋದ ದಿನವೂ ಅಳದವರು. ಕೈಯೆಲ್ಲ ಕಪ್ಪಾಗಿದ್ದರಿಂದ ಕಣ್ಣೊರೆಸಿಕೊಳ್ಳಲಾಗಲಿಲ್ಲ. ನಾನೇ ನನ್ನ ಓಢಣಿಯಿಂದ ಒರೆಸಿದೆ.

ಹೊಸ ಫಿಲ್ಟರ್ ತಿರುಗಿಸಿ, ಹೊಸ ಆಯಿಲ್ ಸುರಿದು, ಕಡ್ಡಿ ಅದ್ದಿ ನೋಡಿ ಇಂಜಿನ್ ಎಬ್ಬಿಸಿದರು. ದೇವರು ದೊಡ್ಡವನು, ಬಡಿತ ನಿಂತಿತ್ತು. ಹಳೆಯದನ್ನು ಚೆಲ್ಲಲಿಲ್ಲ, ಮರ ನೀರು ಕುಡಿಯದಿರಲೆಂದು ಎಂದಿನಂತೆ ಬೋಟಿನ ಒಳಹಲಗೆಗಳಿಗೆ ಬಳಿದರು. ಆಮೇಲೆ ಎಷ್ಟೋ ವರ್ಷ ಅತ್ತೆ ಬೋಟು ನಡೆಸಿದರು, ಆಯಿಲ್ ಒಂದು ದಿನವೂ ತಡವಾಗಲಿಲ್ಲ. ನನಗೂ ಎಲ್ಲ ಕಲಿಸಿದರು. ನನಗೆ ಮದುವೆಯಾಯಿತು, ವಾಶಿಯಲ್ಲಿ ಕೆಲಸ ಸಿಕ್ಕಿತು. ಈಗ ಅಲ್ಲಿ ಚಾಳೂ ಇಲ್ಲ, ಬೋಟೂ ಇಲ್ಲ. ಜನ ಸೇತುವೆಯ ಮೇಲೆ ಬುರ್ರೆಂದು ದಾಟುತ್ತಾರೆ.

ಸೇತುವೆ ಬರುವ ಮೊದಲೇ, ಬೋಟು ಇನ್ನೂ ಓಡುತ್ತಿದ್ದಾಗಲೇ, ಅತ್ತೆ ಕಲ್ಯಾಣದ ಆಸ್ಪತ್ರೆಯಲ್ಲಿ ತೀರಿಕೊಂಡರು. ಕ್ರಿಯೆಗಳೆಲ್ಲ ಮುಗಿದ ಮೇಲೆ ನಾನು ಖಾಡಿಗೆ ಹೋದೆ. ಬೋಟು ಬಾಳೂ ದಾದಾನಿಗೇ ಇರಲಿ, ಆದರೆ ಒಳಗೆ ಅತ್ತೆ ಹಾಕಿದ ಆಯಿಲನ್ನು ಸದ್ಯಕ್ಕೆ ಮುಟ್ಟಬೇಡ ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಹಲಗೆ ಸರಿಸಿ ಕಡ್ಡಿ ಎಳೆದೆ. ಆಯಿಲ್ ಜೇನಿನ ಬಣ್ಣಕ್ಕಿತ್ತು, ಹೊಚ್ಚ ಹೊಸದು.

"ಅಸ್ಪತಾಲ್ ಜಾನೇ ಕೆ ಪೆಹಲೇ," ಎಂದ ಬಾಳೂ ದಾದಾ. ಅಡ್ಮಿಟ್ ಆಗುವ ಮುಂಚೆ ಅತ್ತೆ ರಿಕ್ಷಾದಲ್ಲಿ ಬಂದು, ತಾವು ಹಾಕಿದ ಆಯಿಲನ್ನು ತಾವೇ ಪೂರ್ತಿ ತೆಗೆದು, ಹೊಸದನ್ನು ಬಾಳೂವಿನ ಕೈಯಿಂದ ಹಾಕಿಸಿದ್ದರಂತೆ. ಬದಲಾಯಿಸುವ ದಿನ ಇನ್ನೂ ದೂರವಿತ್ತಲ್ಲ, ಯಾಕೆ ಎಂದು ಅವನು ಕೇಳಿದ್ದಕ್ಕೆ, "ಅಪನೀ ಲಡಕೀ ಮೇರೆ ಜೈಸೀಚ್ ಹೈ," ನಮ್ಮ ಹುಡುಗಿ ನನ್ನ ಹಾಗೇ, ಅಂದರಂತೆ.

ಕಡ್ಡಿ ಒರೆಸಿ ಮತ್ತೆ ಅದರ ಜಾಗಕ್ಕೆ ಹಾಕಿದೆ. ನನಗೆ ಅತ್ತೆಯ ಮೇಲೆ ಕೆಟ್ಟ ಸಿಟ್ಟು ಬಂತು. ಅವರು ಹಾಕಿದ್ದನ್ನು ನಾನೂ ಸ್ವಲ್ಪ ದಿನ ಇಟ್ಟುಕೊಳ್ಳುತ್ತಿದ್ದೆ.